ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಒಂದೇ ಕಾಣುತ್ತಿದೆ: ತುಮಕೂರಿನ ಸ್ಟುಡಿಯೊ ಮಾಲೀಕರಿಗೆ ಉತ್ತರ

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ನನ್ನದೊಂದು ಸಣ್ಣ ವಿಡಿಯೊ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶದ ವಿಡಿಯೊಗಳನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಎಡಿಟ್ ಮಾಡುತ್ತೇನೆ. ಆಮಂತ್ರಣದ ಅನಿಮೇಷನ್‌ಗಳಿಗೆ ಬ್ಲೆಂಡರ್ ಬಳಸುತ್ತೇನೆ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 550 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ), 600 ವಿಎ ಯುಪಿಎಸ್ ಇವೆ. ಒಂದು ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮೊದಲೇ ಇತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅದೇ ಮಾದರಿಯ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರ್ಡನ್ನೂ ಮದರ್‌ಬೋರ್ಡಿಗೇ ಸಿಕ್ಕಿಸುವ ಒಂದು ಹೊಸ ಎಂ.2 ಎಸ್‌ಎಸ್‌ಡಿಯನ್ನೂ ತಂದೆ. ಪರಿಚಯದ ಅಂಗಡಿಯವರು ಕಾರ್ಡ್ ಕೂರಿಸಿ, ಸಾಟಾ ತಂತಿಯಿಂದ ಎಂಟು ಪಿನ್ನಿಗೆ ಹೋಗುವ ಅಡಾಪ್ಟರ್ ಹಾಕಿಕೊಟ್ಟರು. ಎರಡೂ ಕಾರ್ಡ್ ಕಂಡವು. ಆದರೆ ರಿಸಾಲ್ವ್‌ನಲ್ಲಿ ವೇಗ ಸ್ವಲ್ಪವೂ ಹೆಚ್ಚಲಿಲ್ಲ. ಬ್ಲೆಂಡರ್‌ನಲ್ಲಿ ಎರಡೂ ಕಾರ್ಡ್ ಮತ್ತು ಸಿಪಿಯು ಟಿಕ್ ಮಾಡಿ ರೆಂಡರ್ (ಅಂತಿಮ ಚಿತ್ರ ತಯಾರಿಸುವ ಕೆಲಸ) ಕೊಟ್ಟರೆ ಯುಪಿಎಸ್ ಕೂಗಿ, ಮಾನಿಟರ್ ಸಮೇತ ಎಲ್ಲವೂ ಆರಿಹೋಯಿತು. ಆಮೇಲೆ ಹೊಸ ಎಸ್‌ಎಸ್‌ಡಿಯನ್ನು ಹಾಕಿದೆ. ಅಂದಿನಿಂದ ಎರಡನೇ ಕಾರ್ಡ್ ಕಾಣುತ್ತಲೇ ಇಲ್ಲ, ಫ್ಯಾನ್ ಮಾತ್ರ ತಿರುಗುತ್ತದೆ. ಕಾರ್ಡ್ ಕೆಟ್ಟಿದೆಯೇ? ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಕಾರ್ಡ್ ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳಿವೆ. ಮೂರೂ ಒಂದೇ ವಾರದಲ್ಲಿ ಎದುರಾದ್ದರಿಂದ ತಪ್ಪೆಲ್ಲ ಹಳೆಯ ಕಾರ್ಡಿನ ತಲೆಗೆ ಬಂದಿದೆ. ಪ್ರತಿಯೊಂದಕ್ಕೂ ಬೇಕಾದ ಸುಳಿವನ್ನು ನೀವೇ ಬರೆದುಕೊಟ್ಟಿದ್ದೀರಿ.

ಅದಕ್ಕೂ ಮೊದಲು ಒಂದು ತುರ್ತು ಮಾತು. ಆ ಸಾಟಾ ಅಡಾಪ್ಟರನ್ನು ಇವತ್ತೇ ಕಿತ್ತುಹಾಕಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟ್‌ಗೆ ಇರುವ ಪಿನ್ನುಗಳು ಎಲ್ಲ ಸೇರಿ 4.5 ಆಂಪಿಯರ್, ಅಂದರೆ 54 ವಾಟ್ ಹೊರುವಷ್ಟು ಮಾತ್ರ ಗಟ್ಟಿ. ಹಾರ್ಡ್ ಡಿಸ್ಕಿಗೆಂದು ಮಾಡಿದ ದಾರಿ ಅದು. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕನೆಕ್ಟರ್ 150 ವಾಟ್‌ವರೆಗೆ ಎಳೆಯಲು ಹಕ್ಕುಳ್ಳದ್ದು. ನಿಮ್ಮ ಕಾರ್ಡ್ ಒಟ್ಟು 125 ವಾಟ್ ಬಳಸುತ್ತದೆ. ಅದರಲ್ಲಿ ಒಂದು ಪಾಲು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಬಂದರೂ, ಪೂರ್ತಿ ಕೆಲಸ ಕೊಟ್ಟಾಗ ತಂತಿಯ ಮೇಲೆ ಬೀಳುವ ಹೊರೆ 54 ವಾಟನ್ನು ಸುಲಭವಾಗಿ ದಾಟುತ್ತದೆ. ಆ ಪ್ಲಾಸ್ಟಿಕ್ ಮೊದಲು ಹಳದಿಯಾಗುತ್ತದೆ, ಆಮೇಲೆ ಕರಗುತ್ತದೆ, ಕೊನೆಗೆ ಹೊತ್ತಿಕೊಳ್ಳಲೂಬಹುದು. ರಾತ್ರಿ ರೆಂಡರ್ ಹಾಕಿ ಸ್ಟುಡಿಯೊ ಬಾಗಿಲು ಹಾಕಿಕೊಂಡು ಹೋಗುವ ಅಭ್ಯಾಸ ನಿಮ್ಮ ಕಸುಬಿನಲ್ಲಿ ಸಾಮಾನ್ಯ. ಒಳಗೆ ಗ್ರಾಹಕರ ಮದುವೆಯ ಫುಟೇಜ್ ಇರುತ್ತದೆ, ಅದನ್ನು ಮತ್ತೆ ಶೂಟ್ ಮಾಡಲು ಬರುವುದಿಲ್ಲ. ಇಂಥ ಅಡಾಪ್ಟರ್ ಹಾಕಿಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಎಸ್‌ಎಂಪಿಎಸ್‌ನಿಂದಲೇ ಹೊರಟು ಬರುವ, ಆರು ಮತ್ತು ಎರಡು ಪಿನ್ನು ಸೇರಿ ಎಂಟಾಗುವ ಕನೆಕ್ಟರ್ ಎರಡು ಬೇಕು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಅಂಥದು ಒಂದೇ ಇದ್ದರೆ, ಎರಡು ಕಾರ್ಡ್ ಹಾಕುವುದಕ್ಕೆ ಅದು ತಯಾರಾದದ್ದಲ್ಲ, ಅಷ್ಟೇ. ತಂತಿಗಳು ಬಿಚ್ಚಿ ಹಾಕುವ ಬಗೆಯವಾಗಿದ್ದರೆ ಬೇರೆ ಎಸ್‌ಎಂಪಿಎಸ್‌ನ ತಂತಿ ತಂದು ಸಿಕ್ಕಿಸಬೇಡಿ. ಕಾರ್ಡಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುತ್ತದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವಿಲ್ಲ, ಆಕಾರ ಹೊಂದಿದರೂ ಒಳಗಿನ ಪಿನ್ನುಗಳ ಜೋಡಣೆ ಬೇರೆಯಾಗಿರುತ್ತದೆ. ಒಂದು ತಪ್ಪು ತಂತಿ ಕಾರ್ಡನ್ನೂ ಬೋರ್ಡನ್ನೂ ಒಟ್ಟಿಗೆ ಸುಟ್ಟುಬಿಡುತ್ತದೆ.

ಈಗ ಕಾರ್ಡ್ ಏಕೆ ಕಾಣುತ್ತಿಲ್ಲ ಎಂಬುದಕ್ಕೆ ಬರೋಣ. ಅಂಗಡಿಯಲ್ಲಿ ಕಂಡಿತು, ಸ್ಟುಡಿಯೊದಲ್ಲೂ ಮೊದಲು ಕಂಡಿತು, ಎಸ್‌ಎಸ್‌ಡಿ ಹಾಕಿದ ಮೇಲೆ ಮಾಯವಾಯಿತು. ಉತ್ತರ ಈ ಒಂದು ವಾಕ್ಯದಲ್ಲೇ ಇದೆ. ನಿಮ್ಮ ಪ್ರೊಸೆಸರಿನಿಂದ ಮಾಹಿತಿ ಸಾಗುವ 24 ದಾರಿಗಳು, ಅಂದರೆ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು, ಹೊರಡುತ್ತವೆ. ಅವುಗಳಲ್ಲಿ 16 ಮೊದಲ ಗ್ರಾಫಿಕ್ಸ್ ಸ್ಲಾಟಿಗೆ, 4 ಮೊದಲ ಎಂ.2 ಎಸ್‌ಎಸ್‌ಡಿಗೆ, ಉಳಿದ 4 ಬೋರ್ಡಿನ ಇತರ ಜೋಡಣೆಗಳನ್ನು ನಡೆಸುವ ಚಿಪ್‌ಸೆಟ್‌ಗೆ ಹೋಗುತ್ತವೆ. ಬೋರ್ಡಿನ ಕೆಳಭಾಗದಲ್ಲಿರುವ ಎರಡನೇ ಉದ್ದನೆಯ ಸ್ಲಾಟ್ ನೋಡಲು ಮೊದಲನೆಯದರಂತೆಯೇ ಇದ್ದರೂ ಬಿ450ಯಲ್ಲಿ ಅದು ಸಾಮಾನ್ಯವಾಗಿ ಚಿಪ್‌ಸೆಟ್‌ನಿಂದ ಬರುತ್ತದೆ. ಚಿಪ್‌ಸೆಟ್‌ನ ಕೈಯಲ್ಲಿರುವ ಲೇನ್‌ಗಳು ಕಡಿಮೆ. ಆದ್ದರಿಂದ ಎರಡು ಎಂ.2 ಜಾಗ ಕೊಟ್ಟಿರುವ ಹಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಮತ್ತು ಎರಡನೇ ಉದ್ದನೆಯ ಸ್ಲಾಟ್ ಅದೇ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. ಎಸ್‌ಎಸ್‌ಡಿ ಕೂತ ಕೂಡಲೇ ಸ್ಲಾಟ್ ಮುಚ್ಚಿಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಪಕ್ಕದ ಚಿಕ್ಕ ಸ್ಲಾಟಿಗೆ ವೈಫೈ ಕಾರ್ಡ್ ಹಾಕಿದರೂ ಉದ್ದನೆಯ ಸ್ಲಾಟಿನ ಲೇನ್ ಕಡಿಮೆಯಾಗುತ್ತದೆ. ಫ್ಯಾನ್ ತಿರುಗುವುದರಿಂದ ಮೋಸಹೋಗಬೇಡಿ. ಕಾರ್ಡಿಗೆ ವಿದ್ಯುತ್ ತಲುಪಿದೆ ಎಂದಷ್ಟೇ ಅದು ಹೇಳುತ್ತದೆ.

ಮದರ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಂದ ಕೈಪಿಡಿಯನ್ನು ಹುಡುಕಿ ತೆಗೆಯಿರಿ. ಕಳೆದುಹೋಗಿದ್ದರೆ ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆ ಹಾಕಿ ತಯಾರಕರ ತಾಣದಿಂದ ಇಳಿಸಿಕೊಳ್ಳಿ. ಸ್ಲಾಟ್‌ಗಳ ವಿವರ ಇರುವ ಪುಟದಲ್ಲಿ, ಹೆಚ್ಚಾಗಿ ಸಣ್ಣ ಅಕ್ಷರದಲ್ಲಿ, ಯಾವುದು ತುಂಬಿದರೆ ಯಾವುದು ನಿಲ್ಲುತ್ತದೆ ಎಂದು ಬರೆದಿರುತ್ತಾರೆ. ಪರೀಕ್ಷೆಯೂ ಸುಲಭ. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಹೊಸ ಎಸ್‌ಎಸ್‌ಡಿಯನ್ನು ಹೊರತೆಗೆದು ಮತ್ತೆ ಚಾಲೂ ಮಾಡಿ. ಸರಿಯಾದ ತಂತಿ ಇನ್ನೂ ಸಿಕ್ಕಿರದಿದ್ದರೆ, ಒಂದನೇ ಕಾರ್ಡನ್ನು ತೆಗೆದಿಟ್ಟು ಅದರ ಎಂಟು ಪಿನ್ನಿನ ತಂತಿಯನ್ನೇ ಎರಡನೆಯದಕ್ಕೆ ಕೊಟ್ಟು, ಮಾನಿಟರನ್ನೂ ಅದಕ್ಕೇ ಜೋಡಿಸಿ ನೋಡಬಹುದು. ಕಾರ್ಡ್ ಕಂಡರೆ ಕಾರಣ ಸಿಕ್ಕಿತು. ಆಗ ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕವಚಕ್ಕೆ ಹಾಕಿ ಫುಟೇಜ್ ಸಾಗಿಸಲು ಬಳಸಿ. ಒಳಗೇ ಜಾಗ ಬೇಕೆಂದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು, ಎಡಿಟಿಂಗ್‌ಗೆ ಅದರ ವೇಗ ಧಾರಾಳ. ಎಂ.2 ತುಂಬಿದಾಗ ಕೆಲವು ಸಾಟಾ ಪೋರ್ಟ್‌ಗಳೂ ನಿಲ್ಲುವ ಬೋರ್ಡ್‌ಗಳಿವೆ. ಅದೂ ಅದೇ ಪುಟದಲ್ಲಿರುತ್ತದೆ, ಒಮ್ಮೆಗೇ ಓದಿಬಿಡಿ.

ಎಸ್‌ಎಸ್‌ಡಿ ತೆಗೆದರೂ ಕಾಣದಿದ್ದರೆ, ಎರಡನೇ ಕಾರ್ಡನ್ನು ಒಂದನೇ ಸ್ಲಾಟಿನಲ್ಲಿ ಒಂಟಿಯಾಗಿ ಕೂರಿಸಿ ನೋಡಿ. ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಎರಡು ಕಾರ್ಡಿನ ತೊಂದರೆ ಹೊತ್ತು ಬರುವವರಲ್ಲಿ ಹೆಚ್ಚಿನವರು ಇದನ್ನು ಮಾಡಿಯೇ ಇರುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅಲ್ಲಿ ಸರಿಯಾಗಿ ಕೆಲಸ ಮಾಡಿದರೆ ಕಾರ್ಡ್ ನಿರ್ದೋಷಿ, ಸ್ಲಾಟ್ ಅಥವಾ ತಂತಿಯ ಕಡೆ ನೋಡಬೇಕು. ಅಲ್ಲೂ ಮಾಡದಿದ್ದರೆ ಕಾರ್ಡೇ ಅಪರಾಧಿ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಕಂಡು, ಅದರ ಮೇಲೆ ಹಳದಿ ತ್ರಿಕೋನ ಕೂತಿದ್ದರೆ ವಿಷಯ ಬೇರೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಸಂಖ್ಯೆ ನೋಡಿ. ಕೋಡ್ 12 ಎಂದರೆ ಕಾರ್ಡಿಗೆ ಬೇಕಾದ ವಿಳಾಸದ ಜಾಗ ಸಿಕ್ಕಿಲ್ಲ; ಬಯೋಸ್‌ಗೆ (ಕಂಪ್ಯೂಟರ್ ಚಾಲೂ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟಪ್) ಹೋಗಿ ‘ಅಬೋವ್ 4ಜಿ ಡಿಕೋಡಿಂಗ್’ ಎಂಬುದನ್ನು ಚಾಲೂ ಮಾಡಿ. ಕೋಡ್ 43 ಎಂದರೆ ಕಾರ್ಡ್ ತಾನೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಡಿಡಿಯು ಎಂಬ ಉಚಿತ ಸಾಧನದಿಂದ ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಬೇರುಸಹಿತ ತೆಗೆದು ಹೊಸದನ್ನು ಹಾಕಿ. ಈ ಕೆಲಸದ ಹೊತ್ತಿನಲ್ಲಿ ಇಂಟರ್‌ನೆಟ್ ಕಡಿದಿಡಿ, ಇಲ್ಲದಿದ್ದರೆ ವಿಂಡೋಸ್ ನಡುವೆಯೇ ತನ್ನ ಡ್ರೈವರ್ ತಂದು ಹಾಕುತ್ತದೆ. ಅದರಿಂದಲೂ ಹೋಗದಿದ್ದರೆ ಕಾರ್ಡಿನ ಪೂರ್ವಚರಿತ್ರೆ ನೋಡಬೇಕಾಗುತ್ತದೆ. 1660 ಸೂಪರ್ ಕ್ರಿಪ್ಟೊ ಮೈನಿಂಗ್, ಅಂದರೆ ಕಂಪ್ಯೂಟರ್ ಲೆಕ್ಕದಿಂದ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ಮಾಡುವವರಿಗೆ ಅಚ್ಚುಮೆಚ್ಚಿನ ಕಾರ್ಡಾಗಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಎಂಬ ಕ್ರಿಪ್ಟೊ ಜಾಲ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಆಮೇಲೆ ಇಂಥ ಕಾರ್ಡ್‌ಗಳು ಹಳೆಯ ಮಾಲಿನ ಮಾರುಕಟ್ಟೆಗೆ ರಾಶಿರಾಶಿಯಾಗಿ ಬಂದವು. ಮೈನಿಂಗ್‌ಗೆ ಬಳಸಿದ್ದೇ ದೋಷವಲ್ಲ. ಆದರೆ ಕೆಲವರು ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸನ್ನು ಬದಲಿಸಿರುತ್ತಾರೆ, ಡ್ರೈವರ್ ಅಂಥದನ್ನು ಒಪ್ಪದಿರಬಹುದು. ಜಿಪಿಯು-ಝಡ್ ಸಾಧನದಲ್ಲಿ ಎರಡೂ ಕಾರ್ಡಿನ ಬಯೋಸ್ ಆವೃತ್ತಿ ನೋಡಿ. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯಾಗಿದ್ದರೆ ಹೋಲಿಕೆ ಕೂಡಲೇ ತಿಳಿಯುತ್ತದೆ.

ಇನ್ನು ಎಲ್ಲ ಆರಿಹೋದ ಸಂಗತಿ. ಮಾನಿಟರ್ ಸಮೇತ ಆರಿತು ಎಂದು ಬರೆದಿರಲ್ಲ, ಅದಕ್ಕಾಗಿ ಧನ್ಯವಾದ. ಎಸ್‌ಎಂಪಿಎಸ್ ಸೋತು ನಿಂತಿದ್ದರೆ ಕಂಪ್ಯೂಟರ್ ಮಾತ್ರ ಆರಿ, ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂದು ಬರಬೇಕಿತ್ತು. ಮಾನಿಟರೂ ಆರಿದೆ, ಅದಕ್ಕೆ ಮೊದಲು ಯುಪಿಎಸ್ ಕೂಗಿದೆ, ಅಂದಮೇಲೆ ಕೈಚೆಲ್ಲಿದ್ದು ಯುಪಿಎಸ್. ಲೆಕ್ಕ ಹಾಕಿ ನೋಡೋಣ. ಎರಡು ಕಾರ್ಡಿಗೆ 250 ವಾಟ್. ರೈಜನ್ 5 3600ರ ಮೇಲೆ 65 ವಾಟ್ ಎಂದು ಬರೆದಿದ್ದರೂ ಪೂರ್ತಿ ಕೆಲಸದಲ್ಲಿ ಅದು 88 ವಾಟ್‌ವರೆಗೆ ಹೋಗುತ್ತದೆ. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆ 50 ಎಂದಿಟ್ಟುಕೊಳ್ಳಿ. ಒಟ್ಟು 388. ಎಸ್‌ಎಂಪಿಎಸ್‌ನ ದಕ್ಷತೆ ಶೇ 85 ಎಂದುಕೊಂಡರೆ ಗೋಡೆಯಿಂದ ಎಳೆಯುವುದು ಸುಮಾರು 456 ವಾಟ್. ಮಾನಿಟರಿಗೆ 30 ಸೇರಿಸಿ, 486. ನಿಮ್ಮ ಯುಪಿಎಸ್ 600 ವಿಎ ಆದರೂ ವಾಟ್‌ನಲ್ಲಿ ಅದರ ಶಕ್ತಿ ಸಾಮಾನ್ಯವಾಗಿ 360 ಮಾತ್ರ. ಹಿಂಬದಿಯ ಲೇಬಲ್ಲಿನಲ್ಲಿ ಎರಡೂ ಸಂಖ್ಯೆ ಇರುತ್ತವೆ, ಅಂಗಡಿಯಲ್ಲಿ ಹೇಳುವುದು ದೊಡ್ಡದನ್ನು. ಒಂದೇ ಕಾರ್ಡ್ ಇದ್ದಾಗಿನ ಲೆಕ್ಕ ಇದೇ ರೀತಿ ಮಾಡಿದರೆ ಸುಮಾರು 340 ಬರುತ್ತದೆ. ಅಂದರೆ ಇಷ್ಟು ದಿನ ನೀವು ಅಂಚಿನಲ್ಲೇ ನಡೆಯುತ್ತಿದ್ದಿರಿ, ಎರಡನೇ ಕಾರ್ಡ್ ಬಂದು ಅಂಚು ದಾಟಿಸಿತು.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಆ ದಿನದ ಸಿಸ್ಟಮ್ ದಾಖಲೆ ನೋಡಿ. ‘ಕರ್ನೆಲ್-ಪವರ್ 41’ ಎಂದು ಮಾತ್ರ ಇದ್ದರೆ, ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದರ್ಥ, ಅದು ನನ್ನ ಲೆಕ್ಕಕ್ಕೆ ಹೊಂದುತ್ತದೆ. 41ಕ್ಕೆ ಮೊದಲು 4101 ಎಂಬ ‘ಡಿಸ್‌ಪ್ಲೇ’ ಎಚ್ಚರಿಕೆಗಳು ಸಾಲಾಗಿ ಇದ್ದರೆ ಕಾರ್ಡ್ ಅಥವಾ ಡ್ರೈವರ್ ತಡವರಿಸಿದೆ. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ, ಅದರ ಗುರುತು ಈ 4101.

ಯುಪಿಎಸ್ ಬದಲಿಸುವಾಗ ವಾಟ್ ಸಂಖ್ಯೆ ನೋಡಿ ಕೊಳ್ಳಿ. ಎರಡು ಕಾರ್ಡ್ ಇಟ್ಟುಕೊಳ್ಳುವುದಾದರೆ 600 ವಾಟ್‌ಗೆ ಕಡಿಮೆ ಬೇಡ. ಬ್ಯಾಟರಿಗೆ ಹೋದಾಗ ಸೈನ್ ಅಲೆ (ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯುವುದು) ಕೊಡುವಂಥದ್ದು ಸಿಕ್ಕರೆ ಒಳ್ಳೆಯದು, ಏಕೆಂದರೆ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಚೌಕ ಅಲೆಗೆ ಮುನಿದು ನಿಂತುಬಿಡುತ್ತವೆ. ಸ್ಟುಡಿಯೊದಲ್ಲಿ ಮನೆಬಳಕೆಯ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇದೆಯೇ ನೋಡಿಕೊಳ್ಳಿ. ಇನ್ನೊಂದು ಕಡೆ ಇದ್ದರೆ ಕರೆಂಟ್ ಹೋದಾಗ ಬದಲಾಗುವ ವೇಳೆ ಹೆಚ್ಚಿ ಕಂಪ್ಯೂಟರ್ ಮರುಚಾಲೂ ಆಗುತ್ತದೆ.

ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ನೀವು ಕೇಳಿಲ್ಲ, ಆದರೆ ತುಮಕೂರು, ಶಿರಾ, ಪಾವಗಡ ಕಡೆಯ ನೆಲ ಬಯಲುಸೀಮೆಯದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ, ಇದ್ದೂ ಇಲ್ಲದಂತಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಬೆರಳ ಹಿಂಬದಿಯಿಂದ ಸವರಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ. ಅಂಥ ಕಡೆ ಎಲ್ಲವೂ ಚಾಲೂ ಇರುವಾಗ ಎಚ್‌ಡಿಎಂಐ ಕೇಬಲ್ ಕಿತ್ತು ಹಾಕುವುದರಿಂದಲೇ ಕಾರ್ಡಿನ ಪೋರ್ಟ್ ಸಾಯಬಹುದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ, ಹತ್ತಾರು ವೋಲ್ಟ್ ತೋರಿಸಿದರೆ ಗುಂಡಿಗೆ ನೀರು ಹಾಕಿಸುವುದರಿಂದ ಆರಂಭಿಸಿ, ಬೇಕಾದರೆ ಹೊಸದು ಮಾಡಿಸಿ.

ರಿಸಾಲ್ವ್‌ನಲ್ಲಿ ವೇಗ ಏಕೆ ಹೆಚ್ಚಲಿಲ್ಲ ಎಂಬುದು ಮೂರನೆಯದು, ಇದೇ ಮುಖ್ಯವಾದದ್ದು. ವಿಂಡೋಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಒಂದೇ ಗ್ರಾಫಿಕ್ಸ್ ಕಾರ್ಡ್ ಬಳಸುತ್ತದೆ. ಎರಡನೆಯದನ್ನು ಬಳಸಬೇಕಾದರೆ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿ ಬೇಕು. ನಿಮ್ಮ ಎಡಿಟಿಂಗ್ ಮಟ್ಟಿಗೆ ಎರಡನೇ ಕಾರ್ಡ್ ಒಂದು ಕ್ಷಣವೂ ಕೆಲಸ ಮಾಡಿಲ್ಲ.

ಎರಡು ಕಾರ್ಡ್ ಸೇರಿ ಒಂದು ದೊಡ್ಡ ಕಾರ್ಡ್ ಆಗುತ್ತದೆ ಎಂಬ ನಂಬಿಕೆ ಆಟಗಳ ಕಾಲದಿಂದ ಬಂದದ್ದು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿ ವೂಡೂ2 ಕಾರ್ಡ್‌ಗಳನ್ನು ಜೋಡಿಸುವ ಎಸ್‌ಎಲ್‌ಐ ತಂದಿತು. 2004ರಲ್ಲಿ ನಿಮ್ಮ ಕಾರ್ಡಿನ ಚಿಪ್ ತಯಾರಿಸುವ ಎನ್‌ವಿಡಿಯಾ ಆ ಹೆಸರಿಗೆ ಮತ್ತೆ ಜೀವ ಕೊಟ್ಟಿತು, ಮರುವರ್ಷ ಪ್ರತಿಸ್ಪರ್ಧಿ ಎಟಿಐ ಕ್ರಾಸ್‌ಫೈರ್ ತಂದಿತು. ಆಗಲೂ ಎರಡು ಕಾರ್ಡಿನ ಮೆಮೊರಿ ಕೂಡುತ್ತಿರಲಿಲ್ಲ, ಒಂದೇ ದೃಶ್ಯದ ಪ್ರತಿ ಎರಡರಲ್ಲೂ ಇರುತ್ತಿತ್ತು. 2021ರ ಜನವರಿಯಿಂದ ಎನ್‌ವಿಡಿಯಾ ಹೊಸ ಆಟಗಳಿಗೆ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನೇ ನಿಲ್ಲಿಸಿತು. ನಿಮ್ಮ 1660 ಸೂಪರ್‌ಗಂತೂ ಹುಟ್ಟಿನಿಂದಲೇ ಆ ಸೌಲಭ್ಯವಿಲ್ಲ, ಕಾರ್ಡಿನ ನೆತ್ತಿಯ ಮೇಲೆ ಸೇತುವೆ ಜೋಡಿಸುವ ಜಾಗವೇ ಇಲ್ಲ. ಹಾಗಾಗಿ 6 ಜಿಬಿ ಮತ್ತು 6 ಜಿಬಿ ಸೇರಿ 12 ಆಗುವುದಿಲ್ಲ.

ಬ್ಲೆಂಡರ್‌ನ ಸೈಕಲ್ಸ್ ಎಂಜಿನ್ ಮಾತ್ರ ಎರಡು ಕಾರ್ಡನ್ನು ನಿಜವಾಗಿ ದುಡಿಸಿಕೊಳ್ಳುತ್ತದೆ. ಮದುವೆಯ ಅಡುಗೆಮನೆಯಲ್ಲಿ ಇಬ್ಬರು ಭಟ್ಟರು ಎರಡು ಒಲೆಯಲ್ಲಿ ಬೇರೆ ಬೇರೆ ಕೆಲಸ ಮಾಡಿದಂತೆ, ಚಿತ್ರದ ಕೆಲಸವನ್ನು ಹಂಚಿಕೊಂಡು ಮುಗಿಸುತ್ತವೆ. ಆದರೆ ಇಡೀ ದೃಶ್ಯ ಪ್ರತಿ ಕಾರ್ಡಿನ 6 ಜಿಬಿಯೊಳಗೂ ಹಿಡಿಯಬೇಕು. ಎರಡನೇ ಸ್ಲಾಟಿನ ನಿಧಾನ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಆ ಸ್ಲಾಟ್ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್‌ನ ಹಳೆಯ 2.0 ವೇಗದ ನಾಲ್ಕು ಲೇನ್‌ನದು, ಸೆಕೆಂಡಿಗೆ ಸುಮಾರು 2 ಜಿಬಿ ಸಾಗಿಸುತ್ತದೆ. ಮೊದಲ ಸ್ಲಾಟ್ ಸಾಗಿಸುವುದು ಸುಮಾರು 16 ಜಿಬಿ. ಬ್ಲೆಂಡರ್ ದೃಶ್ಯವನ್ನು ಒಳಗೆ ತುಂಬಿಕೊಂಡ ಮೇಲೆ ಲೆಕ್ಕವೆಲ್ಲ ಕಾರ್ಡಿನೊಳಗೇ ನಡೆಯುತ್ತದೆ. ವಿಡಿಯೊ ಎಡಿಟಿಂಗ್‌ನಲ್ಲಿ ಹಾಗಲ್ಲ, ಪ್ರತಿ ಫ್ರೇಮೂ ಓಡಾಡುತ್ತಿರುತ್ತದೆ. ಸ್ಟುಡಿಯೊ ಆವೃತ್ತಿ ಕೊಂಡರೂ ನಿಮ್ಮ ಬೋರ್ಡಿನಲ್ಲಿ ಎರಡನೇ ಕಾರ್ಡಿನಿಂದ ಪೂರ್ತಿ ಫಲ ನಿರೀಕ್ಷಿಸಬೇಡಿ ಎಂದು ಹೇಳುವುದು ಇದಕ್ಕೇ.

ಬಿಸಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಕೆಲಸ ಹೆಚ್ಚುವ ಏಪ್ರಿಲ್, ಮೇ ತಿಂಗಳುಗಳೇ ತುಮಕೂರಿನ ಸೆಕೆಯ ತಿಂಗಳುಗಳು. ಎರಡು ಕಾರ್ಡ್ ಇದ್ದಾಗ ಮೇಲಿನದು ಕೆಳಗಿನದರ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ರೆಂಡರ್ ನಡೆಯುವಾಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (nvidia-smi) ಆದೇಶ ಕೊಟ್ಟರೆ ಎರಡರ ಉಷ್ಣತೆ, ವಾಟ್, ಮೆಮೊರಿ ಒಟ್ಟಿಗೆ ಕಾಣುತ್ತವೆ. 80 ಡಿಗ್ರಿ ದಾಟಿ ಮೇಲೇರುತ್ತಿದ್ದರೆ ಕ್ಯಾಬಿನೆಟ್ಟಿಗೆ ಮುಂದೊಂದು, ಹಿಂದೊಂದು ಫ್ಯಾನ್ ಸೇರಿಸಿ, ರಸ್ತೆಯ ದೂಳನ್ನು ಆಗಾಗ ತೆಗೆಯಿರಿ.

ಇದೇ ತೊಂದರೆಯಿರುವ ಇತರ ಓದುಗರಿಗೆ ಒಂದು ಎಚ್ಚರಿಕೆ. ಹೊಸ ಕಾರ್ಡಿನ ಜೊತೆಗೆ ಮೂಲೆಯಲ್ಲಿ ಬಿದ್ದಿದ್ದ ಜಿಟಿ 710 ಹಾಕಿಕೊಂಡು ಎರಡನೇ ಮಾನಿಟರ್ ಓಡಿಸುವ ಆಸೆ ಹಲವರಿಗೆ ಇರುತ್ತದೆ. ಅದು ಕೆಪ್ಲರ್ ಪೀಳಿಗೆಯ ಕಾರ್ಡ್, ಅದಕ್ಕೆ ಕೊನೆಯ ಡ್ರೈವರ್ ಸರಣಿ 470. 2023ರ ಆರ್‌ಟಿಎಕ್ಸ್ 4060ಗೆ ಅದಕ್ಕಿಂತ ಹೊಸ ಸರಣಿಯೇ ಬೇಕು. ವಿಂಡೋಸ್‌ನಲ್ಲಿ ಒಂದೇ ಡ್ರೈವರ್ ಇವೆರಡನ್ನೂ ನಡೆಸಲಾರದು, ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಎರಡನೇ ಮಾನಿಟರಿಗೆ ಎರಡನೇ ಕಾರ್ಡ್ ಬೇಕಾಗಿಯೂ ಇಲ್ಲ, ಹೊಸ ಕಾರ್ಡಿನಲ್ಲೇ ಮೂರು ನಾಲ್ಕು ಪೋರ್ಟ್ ಇರುತ್ತವೆ.

ನಿಮಗೆ ನನ್ನ ಸಲಹೆ ಇದು. ದುಡಿಮೆಯ ದೊಡ್ಡ ಪಾಲು ಬ್ಲೆಂಡರ್ ಆಮಂತ್ರಣಗಳಿಂದ ಬರುತ್ತಿದ್ದರೆ ಎರಡೂ ಕಾರ್ಡ್ ಇಟ್ಟುಕೊಳ್ಳಿ, ಎರಡು ಸರಿಯಾದ ಎಂಟು ಪಿನ್ನಿನ ತಂತಿಯಿರುವ ಎಸ್‌ಎಂಪಿಎಸ್ ಮತ್ತು ದೊಡ್ಡ ಯುಪಿಎಸ್‌ಗೆ ಹಣ ಹಾಕಿ. ದೊಡ್ಡ ಪಾಲು ಮದುವೆ ಎಡಿಟಿಂಗ್ ಎಂದಾದರೆ, ಪತ್ರ ಓದಿದರೆ ಹಾಗೇ ಅನ್ನಿಸುತ್ತದೆ, ಎರಡೂ 1660 ಸೂಪರ್ ಮಾರಿ 12 ಜಿಬಿಯ ಒಂದು ಆರ್‌ಟಿಎಕ್ಸ್ 3060 ಕೊಳ್ಳಿ. ಉಚಿತ ರಿಸಾಲ್ವ್ ಆ ಮೆಮೊರಿಯನ್ನು ಪೂರ್ತಿ ಬಳಸುತ್ತದೆ, ಬ್ಲೆಂಡರ್‌ಗೂ ದೊಡ್ಡ ದೃಶ್ಯಗಳು ಹಿಡಿಯುತ್ತವೆ, ಹೊಸ ಎಸ್‌ಎಸ್‌ಡಿ ತನ್ನ ಜಾಗದಲ್ಲೇ ಉಳಿಯುತ್ತದೆ. ಆ ಕಾರ್ಡಿನ ಬಳಕೆ 170 ವಾಟ್, 550 ವಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಮೇಲಿನ ಲೆಕ್ಕದಂತೆ ಗೋಡೆಯಿಂದ ಎಳೆಯುವುದು ಮಾನಿಟರ್ ಸೇರಿ ಸುಮಾರು 390 ವಾಟ್ ಆಗುವುದರಿಂದ ಈ ದಾರಿಯಲ್ಲೂ ಯುಪಿಎಸ್ ಬದಲಿಸಲೇಬೇಕು.

ಮಾರಲು ಹೋಗುವ ಮೊದಲು ಎರಡನೇ ಕಾರ್ಡನ್ನು ಮೊದಲ ಸ್ಲಾಟಿನಲ್ಲಿ ಒಂಟಿಯಾಗಿ ಹಾಕಿ, ಅರ್ಧ ಗಂಟೆ ಬ್ಲೆಂಡರ್ ರೆಂಡರ್ ಓಡಿಸಿ, ಪರದೆಯನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಕಾರ್ಡ್ ನಿಜವಾಗಿ ಕೆಟ್ಟಿದ್ದರೆ ಎಸ್.ಪಿ. ರಸ್ತೆಯವರ ಮುಂದೆ ಇಡಲು ಅದೇ ಸಾಕ್ಷಿ, ಚೆನ್ನಾಗಿದ್ದರೆ ಮುಂದಿನ ಗಿರಾಕಿಗೆ ತೋರಿಸಲು ಅದೇ ವಿಡಿಯೊ ಸಾಕು.